ಎಂಜಿನ್ ಇಲ್ಲದ ಬಸ್ಸಿನ ಹೊಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಕಳೆದ ವಾರ ನಿಮ್ಮ ಇಲಾಖೆಯವರು ನಮ್ಮ ಬೀದಿಯ ಕೊನೆಯಲ್ಲಿ ನಿಂತಿದ್ದ ಬಸ್ಸೊಂದನ್ನು ಎಳೆದುಕೊಂಡು ಹೋದರು. ಪರವಾನಗಿಯಿಲ್ಲದ ಮಾರ್ಗದಲ್ಲಿ ಓಡಿದ್ದು, ಹೊಗೆ ಪರೀಕ್ಷೆಯ ಪ್ರಮಾಣಪತ್ರ ಹೊಂದಿಲ್ಲದಿರುವುದು ಅದರ ಅಪರಾಧಗಳು. ಆ ಬಸ್ಸಿಗೆ ಎಂಜಿನ್ ಇಲ್ಲ. ಇದನ್ನು ನಿಮ್ಮ ಕಚೇರಿಯ ಪ್ರತಿಯೊಂದು ಮೇಜಿನ ಮುಂದೆಯೂ ನಿಂತು ಹೇಳಿದ್ದೇನೆ. ಊರೆದುರು ಬರೆದರೆ ಕೇಳಿಸೀತೇನೋ ಎಂದು ಈಗ ಬರೆಯುತ್ತಿದ್ದೇನೆ.

ಅದು ನನ್ನ ಅಕ್ಕ ಓಡಿಸುತ್ತಿದ್ದ ಬಸ್ಸು. ಅವಳು ನಿವೃತ್ತಳಾದ ವರ್ಷವೇ ಅದನ್ನೂ ಗುಜರಿಗೆ ಹಾಕಿದರು. ಎಂಜಿನ್ ಕಿತ್ತ ಮೇಲೆ ಉಳಿದ ಒಡಲನ್ನು ಬೀದಿಯವರು ಸೇರಿ ತಂದರು. ಒಳಗೆ ದಪ್ಪ ಹಲಗೆ ಹೊಡೆದು, ಮೇಲೆ ಸೌರಫಲಕ ಕೂರಿಸಿ, ಅದರ ಕರೆಂಟಿನಲ್ಲಿ ತಣ್ಣಗಿರುವ ಕೋಣೆ ಮಾಡಿದರು. ಮಹಡಿಯಲ್ಲಿ, ಹಿತ್ತಲಲ್ಲಿ ಬೆಳೆದು ಮಧ್ಯಾಹ್ನದೊಳಗೆ ಬಾಡುತ್ತಿದ್ದ ಸೊಪ್ಪು ಆಮೇಲೆ ಬಾಡಲಿಲ್ಲ. ಬೆಳೆದವರು ತಂತಮ್ಮ ಸೀಟಿನ ಮೇಲೆ ಬುಟ್ಟಿ ಇಟ್ಟು ಹೋಗುವರು. ಸಂಜೆ ಮೂರು ಚಕ್ರದ ಸೈಕಲ್ಲು ಅದನ್ನು ಮನೆಮನೆಗೆ ಮುಟ್ಟಿಸುವುದು. ಕಿಟಕಿ ಪಕ್ಕದ ಸೀಟು ತಮ್ಮ ಬದನೆಕಾಯಿಗೇ ಬೇಕೆಂದು ಜಗಳವಾಡಿದವರೂ ಇದ್ದಾರೆ. "ಹಿಂದೆ ಜಾಗ ಖಾಲಿ ಇದೆ, ಹಿಂದೆ ಹೋಗಿ," ಎಂದು ಅಕ್ಕ ಚಾಲಕರ ಸೀಟಿನಿಂದಲೇ ತೀರ್ಪು ಕೊಡುತ್ತಿದ್ದಳು.

ನಾನು ಒಂದು ಗಿಡವನ್ನೂ ಬೆಳೆಸಿದವನಲ್ಲ. ಬೀದಿಯ ಉತ್ಸಾಹಗಳನ್ನು ಕಿಟಕಿಯಿಂದ ನೋಡಿ ಪರದೆ ಎಳೆದುಕೊಳ್ಳುವವನು. ಬಸ್ಸನ್ನು ಎಳೆದುಕೊಂಡು ಹೋದ ದಿನ ಮಾತ್ರ ಪರದೆ ಎಳೆಯಲು ಕೈ ಬರಲಿಲ್ಲ.

ನಮ್ಮ ತಪ್ಪೂ ಇದೆ. ಬಸ್ಸಿನ ಮಾರ್ಗಫಲಕ ತೆಗೆಯಲು ಅಕ್ಕ ಬಿಡಲಿಲ್ಲ. ಬೀದಿಯ ದರ್ಜಿ ತಮಾಷೆಗೆ ಅದರ ಮೇಲೆ ‘ಹಿತ್ತಲಿನಿಂದ ಅಡುಗೆಮನೆಗೆ’ ಎಂದು ಬರೆದ. ಅಂಥ ಮಾರ್ಗ ನಿಮ್ಮ ನಕ್ಷೆಯಲ್ಲಿಲ್ಲವೆಂದು ನಿಮ್ಮ ತಪಾಸಕರು ಪತ್ತೆಹಚ್ಚಿದರು. ಇಷ್ಟು ಶ್ರದ್ಧೆಯಿಂದ ಓದಿದವರಿಗೆ, ಚಕ್ರಕ್ಕೆ ಸುತ್ತಿಕೊಂಡಿದ್ದ ಕುಂಬಳದ ಬಳ್ಳಿ ಕಾಣಲಿಲ್ಲವೇ? ಓಡುವ ಬಸ್ಸಿಗೆ ಬಳ್ಳಿ ಹಬ್ಬುತ್ತದೆಯೇ?

"ಎಂಜಿನ್ನೇ ಇಲ್ಲ ಸಾರ್, ಹೊಗೆ ಎಲ್ಲಿಂದ ಬರುತ್ತೆ?" ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ.

"ಬರಲ್ಲ ಅಂತ ನೀವು ಹೇಳ್ತೀರಿ. ಪರೀಕ್ಷೆ ಮಾಡಿಸ್ಕೊಂಡ್ ಬನ್ನಿ, ನಾವೂ ಹೇಳ್ತೀವಿ."

"ಪರೀಕ್ಷೆಗೆ ಸ್ಟಾರ್ಟ್ ಮಾಡ್ಬೇಕಲ್ಲ?"

"ಮಾಡಿ. ಬೇಡ ಅಂದೋರು ಯಾರು?"

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ನಿಮ್ಮ ಹಸಿರು ಸಾರಿಗೆ ಸಪ್ತಾಹದ ಪೋಸ್ಟರು ಇತ್ತು. ಹೊರಗೆ, ಎಲ್ಲಿಂದಲೋ ಟೊಮೆಟೊ ಹೊತ್ತು ತಂದ ಲಾರಿ ರಸ್ತೆಗೆಲ್ಲ ಕಪ್ಪು ಹೊಗೆ ಬಳಿಯುತ್ತ ಹೋಯಿತು. ಅದರ ಗಾಜಿಗೆ ನಿಮ್ಮ ಪ್ರಮಾಣಪತ್ರ ಅಂಟಿಸಿದ್ದರು.

ನಿನ್ನೆ ಅಕ್ಕನ ಜೊತೆ, ನೀವು ವಶಪಡಿಸಿಕೊಂಡ ವಾಹನಗಳನ್ನು ನಿಲ್ಲಿಸುವ ಅಂಗಳಕ್ಕೆ ಹೋಗಿದ್ದೆ. ಅವಳು ದಿನವೂ ಹೋಗುತ್ತಾಳೆಂದು ಆಗಲೇ ತಿಳಿದದ್ದು. ಕಾವಲುಗಾರ ಗೇಟು ತೆಗೆಯುತ್ತಲೇ ಗೊಣಗಿದ: "ಮೊನ್ನೆ ಯಾಕಮ್ಮಾ ಬರ್ಲಿಲ್ಲ? ಸೋಲಾರ್ ಮೇಲೆಲ್ಲ ಧೂಳು ಕೂತು ನೀರು ತಣ್ಣಗೇ ಆಗ್ಲಿಲ್ಲ."

ಒಳಗೆ ನೋಡಿದೆ. ನಮ್ಮ ಸೊಪ್ಪು ಅಂಗಳದ ಗೋಡೆಯ ಬುಡದಲ್ಲಿ ಕೊಳೆಯುತ್ತಿತ್ತು. ಬಸ್ಸಿನ ಸೀಟುಗಳ ಮೇಲೆ ನಿಮ್ಮ ಸಿಬ್ಬಂದಿಯ ಊಟದ ಡಬ್ಬಿ, ನೀರಿನ ಬಾಟಲಿ. ಒಬ್ಬೊಬ್ಬರಿಗೆ ಒಂದೊಂದು ಸೀಟು.

ಅಕ್ಕ ಬಟ್ಟೆ ಹಿಡಿದು ಏಣಿ ಹತ್ತಿದಳು. "ಬಿಡಕ್ಕಾ, ಇವರಿಗ್ಯಾಕೆ ಒರೆಸಿ ಕೊಡ್ತೀಯ?" ಎಂದೆ.

"ಬಸ್ಸು ಏನು ತಪ್ಪು ಮಾಡಿದೆಯೋ?" ಎಂದು ಒರೆಸುತ್ತಲೇ ಇದ್ದಳು.

ಅವಳಿಗಿರುವ ಸೈರಣೆ ನನಗಿಲ್ಲ. ಬೀದಿಯಲ್ಲಿ ಕೆಲವರು ಆಗಲೇ ಕುಂಡಗಳನ್ನು ಬೋರಲು ಹಾಕಿದ್ದಾರೆ. ಇನ್ನಷ್ಟು ದಿನ ತಡವಾದರೆ ಬಸ್ಸು ಬಂದರೂ ಅದರೊಳಗೆ ಇಡಲು ಏನೂ ಇರುವುದಿಲ್ಲ. ಆದ್ದರಿಂದ ಇದು ವಿನಂತಿಯಲ್ಲ: ಎಳೆದುಕೊಂಡು ಹೋದ ವಾಹನದಲ್ಲೇ ಅದನ್ನು ಎಳೆದು ತಂದು, ನಿಂತಿದ್ದಲ್ಲೇ ನಿಲ್ಲಿಸಿ. ಮಾರ್ಗಫಲಕದ ಮೇಲಿನ ಅಕ್ಷರ ಅಳಿಸಬೇಡಿ. ನಿಮ್ಮವರ ಡಬ್ಬಿಗಳನ್ನು ಬೇಕಾದರೆ ಒಳಗೇ ಬಿಡಿ, ಅಕ್ಕ ಸೀಟು ಕೊಡುತ್ತಾಳೆ. ಹಿಂದೆ ಜಾಗ ಖಾಲಿ ಇದೆ.

ಇಂತಿ,
ನಿಮ್ಮ ನಕ್ಷೆಯಲ್ಲಿಲ್ಲದ ಮಾರ್ಗದಲ್ಲಿ ತಡವಾಗಿ ಹತ್ತಿದ ಪ್ರಯಾಣಿಕ