ತಳ್ಳಿಹಾಕಲಾಗದು ಎಂಬ ಮಾತು

ಸೇಡಂ,
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಅಣ್ಣಾ,

ಜೈ ಭೀಮ್. ಹೇಗಿದ್ದೀಯ? ಹೊಟ್ಟೆ ಸರಿಯಾಗಿದೆಯಾ? ತಾಂಡೂರಿನ ಅತ್ತೆಯ ಮನೆಯಲ್ಲಿ ಅನ್ನವೇ ಹೆಚ್ಚು. ರೊಟ್ಟಿ ಇಲ್ಲದಿದ್ದರೆ ನಿನಗೆ ಊಟ ಮಾಡಿದಂತೆಯೇ ಆಗುವುದಿಲ್ಲ ಎಂದು ಅವ್ವ ದಿನವೂ ತಟ್ಟೆಯ ಮುಂದೆ ಕುಳಿತು ಹೇಳುತ್ತಾಳೆ. ಅತ್ತೆಯ ಮೊಣಕಾಲು ನೋವು ಕಡಿಮೆಯಾಯಿತಾ? ಅವ್ವನಿಗೆ ಬಿ.ಪಿ. ಏರಿತ್ತು, ಈಗ ಗುಳಿಗೆಯಿಂದ ಇಳಿದಿದೆ, ಚಿಂತೆ ಮಾಡಬೇಡ. ನೀನು ಫೋನ್ ಬಂದ್ ಮಾಡಿ ಕುಳಿತಿರುವುದರಿಂದ ಹೀಗೆ ಕಾಗದ ಬರೆಯಬೇಕಾಯಿತು. ಮಶಾಕ ನಾಳೆ ಲಾರಿಯಲ್ಲಿ ಸಿಮೆಂಟು ಹೇರಿಕೊಂಡು ಆ ಕಡೆ ಬರುತ್ತಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಅವನು ಯಾರ ಮುಂದೆಯೂ ಬಾಯಿ ಬಿಡುವವನಲ್ಲ, ನಿನಗೇ ಗೊತ್ತು.

ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಭೀಮಶ್ಯಾನ ಮೇಲೆ ಗಣಿಯ ಗೋಡೆ ಕುಸಿದು ಬಿದ್ದು ಅವನು ಸತ್ತ ದಿನದಿಂದ ಎಲ್ಲರ ಕಣ್ಣೂ ನಿನ್ನ ಮೇಲೆಯೇ ಇತ್ತು. ಆ ಹೊತ್ತು ಮದ್ದು ಸಿಡಿಸಿದವನು ನೀನು. ಪೊಲೀಸರು ಎರಡು ಸಲ ಕರೆದು ಕೇಳಿದರು, ಆಗಲೂ ನೀನು ಎದೆಗೆಡಲಿಲ್ಲ. ನೀನು ಹೆದರಿದ್ದು ನಮ್ಮ ಪ್ರೊಫೆಸರ್ ಸಿದ್ಧಲಿಂಗ ಸರ್ ಆ ಕುಸಿತದ ಬಗ್ಗೆ ಬರೆದ ವರದಿ ಬಂದ ಮೇಲೆ. ಅದರ ಒಂದು ಸಾಲಿಗೆ ಯಾರೋ ಕೆಂಪು ಗೆರೆ ಎಳೆದು ಎಲ್ಲರ ಫೋನಿಗೂ ಕಳಿಸಿದ್ದರು: ‘ಈ ಕುಸಿತದಲ್ಲಿ ಸ್ಫೋಟದ ಪಾತ್ರವನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು.’ ಅದರ ಮೇಲಿನ ಸಾಲು: ‘ಬಂಡೆಯಲ್ಲಿ ದೊಡ್ಡ ಫಾಲ್ಟ್ ಕಂಡುಬಂದಿದೆ.’ ಕೋಡ್ಲಾದ ಚಹಾ ಅಂಗಡಿಯಲ್ಲಿ ಜನ ಮಾತಾಡಿಕೊಂಡದ್ದು ಅವ್ವನ ಕಿವಿಗೂ ಬಿತ್ತು. “ಫಾಲ್ಟ್ ಅದ ಅಂತ ಪ್ರೊಫೆಸರೇ ಬರದಾರ, ಇನ್ನೇನ್ ಬೇಕ್ರೀ?” ಆ ಸಂಜೆಯೇ ನೀನು ಹೊರಟುಬಿಟ್ಟೆ. ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ ಅಣ್ಣಾ. ನಾವು ಭೂವಿಜ್ಞಾನದವರು ಫಾಲ್ಟ್ ಎನ್ನುವುದು ಮನುಷ್ಯರ ತಪ್ಪಿಗಲ್ಲ. ಯಾವುದೋ ಕಾಲದಲ್ಲಿ ನೆಲ ಜರುಗಿ ಬಂಡೆಯ ಪದರಗಳು ಕಡಿದು ಉಳಿದ ಬಿರುಕಿಗೆ ಆ ಹೆಸರು. ನೀನು ಹುಟ್ಟುವುದಕ್ಕೂ, ಸೇಡಂ ಎಂಬ ಊರು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು ಅದು.

ಭೀಮಶ್ಯಾನ ಹೆಂಡತಿ ಪೀರಮ್ಮನಿಗೂ ಹೀಗೇ ಆಯಿತು. ಮರಣೋತ್ತರ ಪರೀಕ್ಷೆಯ ಕಾಗದದಲ್ಲಿ ಸಾವಿಗೆ ಕಾರಣ ‘ಶಾಕ್’ ಎಂದು ಬರೆದಿತ್ತು. ಅವಳು ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, “ನನ್ನ ಗಂಡಗ ಕರೆಂಟ್ ಹೊಡೀತೇನವ್ವಾ? ಕಲ್ಲು ಬಿತ್ತಂತಲ್ಲ?” ಎಂದು ಕೇಳಿದಳು. ರಕ್ತ ಹೋಗಿ ದೇಹದೊಳಗೆ ರಕ್ತದ ಓಟವೇ ನಿಂತುಹೋಗುವುದಕ್ಕೆ ಡಾಕ್ಟರರು ಹಾಗೆ ಬರೆಯುತ್ತಾರೆ ಎಂದು ಹೇಗೋ ತಿಳಿಸಿ ಹೇಳಿದೆ. ಅವಳಿಗೆ ಉತ್ತರ ಹೇಳುವವಳು ನಾನೇ ಆಗಬೇಕಿತ್ತೇ, ನಿನ್ನ ತಂಗಿ?

ನೀನು ಹೋದ ಮರುದಿನ ನಾನು ಕಲಬುರಗಿಗೆ ಹೋಗಿ ಸಿದ್ಧಲಿಂಗ ಸರ್ ಮುಂದೆ ನಿಂತೆ. ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳುವವರು, ನನ್ನ ಪ್ರಾಜೆಕ್ಟಿಗೂ ಅವರೇ ಮಾರ್ಗದರ್ಶಕರು. ಆ ಒಂದು ಸಾಲು ತೆಗೆದುಬಿಡಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಗದ್ರ ಸುಳ್ಳಾಗ್ತದ, ಭಾಗ್ಯ. ನೀನು ನನ್ನ ವಿದ್ಯಾರ್ಥಿನಿ ಅಂತ ಇವತ್ತು ನಾ ಒಂದು ಶಬ್ದ ತಗದ್ರ, ನಾಳೆ ಖಣಿ ಮಾಲಕ ಬಂದು ಇನ್ನೊಂದು ತಗೀರಿ ಅಂತಾನ. ಅವನಿಗೆ ಏನ್ ಹೇಳ್ಲಿ?” ಎಂದರು. ನನಗೆ ಎಷ್ಟು ಸಿಟ್ಟು ಬಂದಿತೆಂದರೆ, ನಮಸ್ಕಾರವನ್ನೂ ಹೇಳದೆ ಹೊರಗೆ ಬಂದೆ. ರೈಲಿನಲ್ಲಿ ಶಹಾಬಾದ್ ದಾಟಿತು, ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ನಾನೇ ಬರೆದ ಪ್ರಾಜೆಕ್ಟಿನ ಪುಟಗಳನ್ನು ತೆಗೆದು ಓದುತ್ತ ಕುಳಿತೆ. ‘ಇರಬಹುದು’, ‘ಸೂಚಿಸುತ್ತದೆ’, ‘ತಳ್ಳಿಹಾಕಲಾಗದು’. ಪ್ರತಿ ಪುಟದಲ್ಲೂ ಅದೇ. ಯಾರನ್ನೂ ಸಿಕ್ಕಿಸಲೆಂದು ನಾನು ಅವನ್ನು ಬರೆದಿರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದೆಂದು ಬರೆದಿದ್ದೆ. ಚಿತ್ತಾಪುರ ಬರುವಷ್ಟರಲ್ಲಿ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಸರ್ ಸಾಲು ಬದಲಿಸುವುದಿಲ್ಲ, ಬದಲಿಸಲೂಬಾರದು. ಆದರೆ ಆ ಸಾಲನ್ನು ಓದುವವರು ನಮ್ಮ ವಿಭಾಗದವರಲ್ಲವಲ್ಲ!

ಸ್ಟೇಷನ್ನಿನಿಂದ ನೇರವಾಗಿ ಅಮೀರ್ ಅಲಿ ವಕೀಲರ ಆಫೀಸಿಗೆ ಹೋದೆ. ಗಣಿ ಸುರಕ್ಷತೆಯ ವಿಚಾರಣೆಯಲ್ಲಿ ಕೆಲಸಗಾರರ ಪರವಾಗಿ ನಿಲ್ಲುವವರು ಅವರೇ ತಾನೆ. ವರದಿಯನ್ನು ಆಗಲೇ ಓದಿ ಮುಖ ಸಪ್ಪೆ ಮಾಡಿಕೊಂಡಿದ್ದರು. “ನಮ್ಮ ಕೋರ್ಟ್ ಭಾಷಾದಾಗ ಇಂಥ ಮಾತು ಬಾಗಿಲ ಅರ್ಧ ತೆರದಂಗ, ಬೇಟಾ, ಆರೋಪ ಒಳಗ ಬರ್ತದ. ಹೌದು, ಇಲ್ಲಂದ್ರ ಅಲ್ಲ, ಎರಡರಾಗ ಒಂದು ಅನ್ರಿ ಅಂದ್ರ ನಿಮ್ಮ ಸರ್ ಏನಂತಾರ?” ಎಂದು ಕೇಳಿದರು. ಎರಡೂ ಅನ್ನುವುದಿಲ್ಲ, ‘ಹಂಗ ಹೇಳಾಕ ಬರಂಗಿಲ್ಲ’ ಎನ್ನುತ್ತಾರೆ, ಆಗ ಎಲ್ಲರೂ ಅದನ್ನು ಹೌದು ಎಂದೇ ಬರೆದುಕೊಳ್ಳುತ್ತಾರೆ ಎಂದೆ. ಆಮೇಲೆ ಇಬ್ಬರೂ ವರದಿಯನ್ನು ನಡುವೆ ಇಟ್ಟುಕೊಂಡು ಕುಳಿತೆವು. ಅವರ ಒಂದೊಂದು ಪ್ರಶ್ನೆಯನ್ನೂ ಸರ್ ಉತ್ತರ ಕೊಡಬಹುದಾದ ಪ್ರಶ್ನೆಯಾಗಿ ನಾನು ತಿರುಗಿಸಿ ಕೊಟ್ಟೆ. ಏಳುವಾಗ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಕಾನೂನಿನಾಗ ಓಡಿ ಹೋಗೋದಕ್ಕೂ ಒಂದು ಅರ್ಥ ಅದ. ಅದನ್ನ ತಿರುವಿ ಹೇಳಾಕ ನನ್ನಿಂದನೂ ಆಗಂಗಿಲ್ಲ, ನಿನ್ನಿಂದನೂ ಆಗಂಗಿಲ್ಲ. ಅವನ್ನ ಕರೆಸು.”

ಶುಕ್ರವಾರ ವಿಚಾರಣೆ ನಡೆಯಿತು. ನಿನ್ನ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಅಧಿಕಾರಿ ಮೊದಲ ಪ್ರಶ್ನೆಯನ್ನೇ ನಾನು ಹೆದರಿದಂತೆ ಕೇಳಿದರು: ಸ್ಫೋಟದಿಂದ ಬಿತ್ತೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ. ಸರ್, “ಹಂಗ ಹೇಳಾಕ ಬರಂಗಿಲ್ರೀ” ಎಂದರು. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಯಾರೋ, “ಮುಗೀತು ಬಿಡ್ರಿ” ಎಂದರು. ಆಗ ಅಮೀರ್ ಅಲಿ ಎದ್ದು, ಮದ್ದು ಸಿಡಿಸದಿದ್ದರೆ ಆ ಗೋಡೆ ನಿಲ್ಲುತ್ತಿತ್ತು ಎಂದು ಬರೆದುಕೊಡುತ್ತೀರಾ ಎಂದು ಕೇಳಿದರು. “ಅದೂ ಬರಂಗಿಲ್ಲ” ಎಂದರು ಸರ್. ಹಾಗಾದರೆ ನೀವು ಅಳೆದು ನೋಡಿದ್ದು ಏನನ್ನು ತೋರಿಸುತ್ತದೆ? ಸರ್ ತರಗತಿಯಲ್ಲಿ ನಿಂತವರಂತೆ ಹೇಳಲು ಶುರು ಮಾಡಿದರು. ಬಿರುಕು ಹಳೆಯದು, ಅದರ ತುಂಬ ಮಳೆಯ ನೀರು ಇಳಿದಿತ್ತು, ನೆಲದ ನಡುಕ ಅಳೆಯುವ ಯಂತ್ರದಲ್ಲಿ ಆ ದಿನದ ಸ್ಫೋಟ ಮಿತಿಯ ಒಳಗೇ ಇತ್ತು, ಆದ್ದರಿಂದ ಪ್ರಧಾನ ಕಾರಣ ನೀರು. ಮತ್ತೆ ಆ ಸಾಲನ್ನು ಯಾಕೆ ಬರೆದಿರಿ ಎಂದು ವಕೀಲರು ಕೇಳಿದರು. “ನಮ್ಮ ಶಾಸ್ತ್ರದಾಗ ಹಂಗ ಬರೀತೀವ್ರೀ. ಮದ್ದೇ ಕಾಣದ ಬಾವಿ ಕುಸಿದ್ರೂ, ದೂರದ ಭೂಕಂಪ ತಳ್ಳಿಹಾಕಲಾಗದು ಅಂತನೇ ಬರದೇನು. ಅದು ಯಾರ ಮ್ಯಾಲಿನ ಆರೋಪನೂ ಅಲ್ಲ, ನನ್ನ ತಿಳಿವಳಿಕಿ ಎಲ್ಲಿತನಕ ಅದ ಅಂತ ಹೇಳೂದು.” ಅಧಿಕಾರಿ ಬರೆಯುತ್ತಿದ್ದವರು ತಲೆ ಎತ್ತಿ, ಅದನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಂಡು ಬರೆದುಕೊಂಡರು.

ಕುಸಿತಕ್ಕೆ ಸ್ಫೋಟವೇ ಕಾರಣ ಎಂದು ಸಾಬೀತಾಗಿಲ್ಲ ಎಂದು ವಿಚಾರಣೆಯಲ್ಲಿ ದಾಖಲಾಗಿದೆ. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಪೊಲೀಸ್ ಕೇಸು ಮಾತ್ರ ಇನ್ನೂ ಉಳಿದಿದೆ. ಬುಧವಾರ ನೀನು ವಕೀಲರ ಜೊತೆ ಕೋರ್ಟಿಗೆ ಹೋಗಿ ಹಾಜರಾದರೆ ಜಾಮೀನು ಕಷ್ಟವಾಗದು ಎನ್ನುತ್ತಾರೆ. ಮಂಗಳವಾರದ ಗಾಡಿಗೆ ಬಾ. ನಾನು ಸ್ಟೇಷನ್ನಿಗೆ ಬಂದಿರುತ್ತೇನೆ. ಸರ್ ಹತ್ತಿರ ನನಗಿನ್ನೂ ಮುಖ ಕೊಟ್ಟು ಮಾತಾಡಲು ಆಗಿಲ್ಲ, ನಾಳೆ ಹೋಗಿ ಮಾತಾಡುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಮುದ್ದು. ಅವ್ವ ಪಕ್ಕದಲ್ಲೇ ಕುಳಿತು ‘ಏನ್ ಬರದಿ, ಓದು’ ಎನ್ನುತ್ತಿದ್ದಾಳೆ. ಅವಳ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ.

ನಿನ್ನ ದಾರಿ ಕಾಯುವ ತಂಗಿ,
ಭಾಗ್ಯ

ತಾ.ಕ.: ಅವ್ವ ಒಳಗೆ ಹೋದಳು, ಅವಳಿಗೆ ಓದಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ವಿಚಾರಣೆ ಮುಗಿದ ಮೇಲೆ ಪೀರಮ್ಮ ಗೇಟಿನ ಹತ್ತಿರ ನನಗಾಗಿ ನಿಂತಿದ್ದಳು. “ಅವರು ಹೇಳಿದ್ದು ನನಗೊಂದೂ ತಿಳೀಲಿಲ್ಲವ್ವಾ. ಮದ್ದು ಹಾರಿಸಿದ ಮ್ಯಾಲ, ಎಲ್ಲಾ ಸಾಫ್ ಅದ, ಒಳಗ ಬರ್ರಿ ಅಂತ ಸೈರನ್ ಹೊಡಿಯೋಕಿಂತ ಮೊದಲ, ನಿಮ್ಮಣ್ಣ ತಾನ ಹೋಗಿ ಆ ಗ್ವಾಡಿ ನೋಡಿದ್ನೇನು? ಅಷ್ಟು ಕೇಳಿ ಹೇಳು” ಎಂದಳು. ಸಿಡಿಸಿದವನೇ ಮೊದಲು ಹೋಗಿ ನೋಡಬೇಕೆಂಬ ನಿಯಮವಿದ್ದರೂ, ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ನಾನು ಅಷ್ಟು ಪ್ರಶ್ನೆ ಬರೆದುಕೊಟ್ಟವಳು, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ನೋಡಿದ್ದರೆ ನೋಡಿದೆ ಎನ್ನು. ನೋಡದಿದ್ದರೆ ನೋಡಲಿಲ್ಲ ಎನ್ನು. ನನಗೆ ಬರೆದು ಕಳಿಸಬೇಡ, ಅವಳ ಮುಂದೆ ಕುಳಿತು ಹೇಳು. ಏನೇ ಹೇಳಿದರೂ ನಾನು ನಿನ್ನ ಪಕ್ಕದಲ್ಲೇ ಕುಳಿತಿರುತ್ತೇನೆ.