ಮೈತ್ರೇಯಿ ಇಲ್ಲದ ಶಾಲೆ

ಸಂಭಾಜಿನಗರ,
ಮಂಗಳವಾರ

ಪ್ರಿಯ ಸುಧೀರ ಅವರಿಗೆ,

ಫೋನಿನಲ್ಲಿ ಹೇಳಿದರೆ ಮಗಳಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಾನೂ ಬಿಂದುವೂ ಅವಳಿಗಳು, ಎಂಟನೆಯ ತರಗತಿಗೂ ಒಂದೇ ಶಾಲೆ ಎಂದು ಮೈತ್ರೇಯಿ ತಾನೇ ಈ ಹೊಸ ಊರಿನಲ್ಲಿ ಒಂದನ್ನು ಆರಿಸಿಬಿಟ್ಟಿದ್ದಾಳೆ. ಆದರೂ ನಿನ್ನೆ ಬಿಂದುವನ್ನು ಹುಡುಗರ ಶಾಲೆಯೊಂದಕ್ಕೆ ಕರೆದೊಯ್ದೆ. ಅವಳೂ ಬಂದು ಗೇಟಿನ ಹತ್ತಿರ ಕಾದಳು.

ಮುಖ್ಯೋಪಾಧ್ಯಾಯರು ಹೆಸರು ಕೇಳಿದರು. ಇವನು 'ಬಿ' ಎಂದಲ್ಲೇ ತೊದಲಿ ನಿಂತ. ನಾಶಿಕ್‌ನಲ್ಲಿ ಇಷ್ಟು ವರ್ಷ ತರಗತಿಯಲ್ಲಿ ಅವನ ಉತ್ತರಗಳನ್ನೆಲ್ಲ ಹೇಳಿದವಳು ಮೈತ್ರೇಯಿಯೇ. ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ನನ್ನನ್ನು ತಡೆದು, ಕಾದರು. ಕಡೆಗೆ "ಬಿಂದುಮಾಧವ" ಎಂದು ಪೂರ್ತಿ ಹೇಳಿದ.

ಮೆಟ್ಟಿಲಿಳಿಯುವಾಗ ನಿಧಾನವಾಗಿ, "ಅಮ್ಮಾ, ನನಗ ಇದೇ ಸಾಲಿ ಬೇಕು. ಇಲ್ಲೆ ಮೈತ್ರೇಯಿ ಇರಂಗಿಲ್ಲ" ಎಂದ.

ಗೇಟಿನಲ್ಲಿ ಅವಳು ನನ್ನ ಕಿವಿಯಲ್ಲಿ, "ಅವನ ಹೆಸರು ನೀನ ಹೇಳ್ದಿ, ಹೌದಿಲ್ಲೊ?" ಎಂದು ಕೇಳಿದಳು. ಹೂಂ ಎಂದುಬಿಟ್ಟೆ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸೋಮವಾರದೊಳಗೆ ಆ ಶಾಲೆಗೆ ಒಪ್ಪಿಗೆ ತಿಳಿಸಬೇಕು. ಶನಿವಾರ ನಾಶಿಕ್‌ನಿಂದ ಬರುವಾಗ ಅಲ್ಲಿನ ಶಾಲೆಯಿಂದ ಅವನ ವರ್ಗಾವಣೆ ಪತ್ರ ತನ್ನಿ. ಬಂದವರೇ ಅವಳನ್ನು ಒಂದಷ್ಟು ದೂರ ನಡೆಸಿಕೊಂಡು ಹೋಗಿ, ನಿಜ ಹೇಳಿ. ನನ್ನೆದುರು ಅವಳು ಅಳುವುದಿಲ್ಲ.

ನಿಮ್ಮ
ವಸುಧಾ