ಕೆಂಚವ್ವನ ಮಂದೆ ಹೊಳೆ ದಾಟಲಿಲ್ಲ

ಜೊತೆನೋಟದ ಮನೆ, ಡೋಣಿ ಹೊಳೆಯ ದಂಡೆ
ಕ್ರಿಸ್ತಶಕ ೨೧೬೩, ಎರಡನೆಯ ಬೇಸಿಗೆಯ ನಲವತ್ತನೆಯ ದಿನ

ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಬದುಕಿದ್ದವರಿಗೆ,

ಈ ತಾರೀಖು ನಿಮಗೆ ವಿಚಿತ್ರವೆನಿಸಬಹುದು. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಮಗೆ ಎರಡು, ನಡುವೆ ಇಪ್ಪತ್ತು ದಿನದ ಮಳೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಮಾತು ಎಲ್ಲಾದರೂ ಒರಟಾದರೆ, ಅರ್ಥವಾಗದ ಪದ ಬಂದರೆ, ಕ್ಷಮಿಸಬೇಕು.

ನನ್ನ ಹೆಸರು ನೀಲವ್ವ. ಹತ್ತೊಂಬತ್ತು ವರ್ಷದಿಂದ ಈ ದಂಡೆಯಲ್ಲಿ ಜೊತೆನೋಟಗಾರ್ತಿ. ದನಕುರಿಗಳ ಕಾಯಿಲೆಯನ್ನೂ ಮನುಷ್ಯರ ಕಾಯಿಲೆಯನ್ನೂ ಒಬ್ಬರೇ ನೋಡುವ ಕೆಲಸಕ್ಕೆ ನಮ್ಮಲ್ಲಿ ಆ ಹೆಸರು. ಒಂದು ಮನೆಗೆ ಹೋದರೆ ಕೂಸಿನ ಮೈ ಮುಟ್ಟಿ ನೋಡುತ್ತೇನೆ, ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಕೆಚ್ಚಲು ನೋಡುತ್ತೇನೆ, ಕೋಳಿ ಎಷ್ಟು ಸತ್ತವು ಎಂದು ಕೇಳುತ್ತೇನೆ. ನಾಯಿ ಕಚ್ಚಿದವರಿಗೆ ಸೂಜಿ ಹಾಕಿ, ಆಮೇಲೆ ಆ ನಾಯಿಯನ್ನು ಹುಡುಕಲು ಹೋಗುವವಳೂ ನಾನೇ. ಪ್ರತಿ ಕುರಿಯ ಕಿವಿಯಲ್ಲಿ ಒಂದು ಕಿವಿಮಣಿ ಇರುತ್ತದೆ. ಮೈ ಸರಿಯಿದ್ದರೆ ನೀಲಿ, ಜ್ವರ ಬಂದರೆ ಕೆಂಪು. ಆ ಬಣ್ಣ ನನ್ನ ಮನೆಯ ಗೋಡೆಯ ಹಲಗೆಯ ಮೇಲೆಯೂ ಕಾಣುತ್ತದೆ. ಒಳ್ಳೆಯ ಸಾಧನ. ಆದರೆ ಅದನ್ನು ಮಾಡಿದ್ದು ತಂಪು ದೇಶಗಳಿಗಾಗಿ. ಅವರು ಬಳಸಿ ಬಿಟ್ಟ ಮೇಲೆ ನಮಗೆ ಬಂತು. ಬಿಸಿಲು ನಲವತ್ತೇಳು ಡಿಗ್ರಿ ದಾಟಿದರೆ ಮಣಿಯೇ ಕಾದು ಕೆಂಪಾಗುತ್ತದೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನನ್ನ ಹಲಗೆಯ ಮೇಲೆ ಒಂಬತ್ತು ಸಾವಿರ ಕುರಿಗಳೂ ಕೆಂಪಾಗಿದ್ದವು. ನಾನು ಹಲಗೆ ನೋಡುವುದನ್ನೇ ಬಿಟ್ಟಿದ್ದೆ.

ಆಗ ಒಂದು ಬೆಳಿಗ್ಗೆ ಕೆಂಚವ್ವ ಆರು ಮೈಲಿ ನಡೆದು ಬಂದಳು. ಇನ್ನೂರ ಹನ್ನೆರಡು ಕುರಿಗಳ ಒಡತಿ, ಗಂಡ ತೀರಿಹೋಗಿದ್ದ, ಹೊನ್ನವ್ವ ಎಂಬ ಒಬ್ಬಳೇ ಮಗಳು.

"ಬಾಯಾರ, ಒಂದ ದಿನದಾಗ ಮೂರು ಕುರಿ ಕಂದು ಹಾಕ್ಯಾವ," ಎಂದಳು. ಗಬ್ಬದ ಕುರಿ ದಿನ ತುಂಬುವ ಮೊದಲೇ ಸತ್ತ ಮರಿ ಹಾಕುವುದಕ್ಕೆ ನಾವು ಹಾಗೆ ಹೇಳುತ್ತೇವೆ.

ನನಗೆ ಒಂದು ನಿಯಮವಿತ್ತು. ಒಂದು ಮಂದೆಯಲ್ಲಿ ಹತ್ತು ಕುರಿ ಕಂದು ಹಾಕಿದರೆ ಮಾತ್ರ ರಕ್ತ ಪರೀಕ್ಷೆ ಮಾಡಬೇಕು. ಇಡೀ ಕಣಿವೆಗೆ ವರ್ಷಕ್ಕೆ ನಲವತ್ತೇ ಪರೀಕ್ಷಾಪಟ್ಟಿಗಳು ಬರುತ್ತಿದ್ದವು.

"ಬಿಸಲಿಗೆ ಹಾಕಿರ್ತಾವ, ಕೆಂಚಕ್ಕ. ಹತ್ತಾದ್ರ ಬಾ. ಅಲ್ಲೀತನಕ ನನ್ನ ಕೈಯಾಗ ಏನೂ ಇಲ್ಲ."

"ಬಿಸಲಿಂದಲ್ಲರೀ. ಬಿಸಲಿಂದಾದ್ರ ನನಗ ಗೊತ್ತಾಗ್ತದ."

ಅವಳು ನೀರು ಕುಡಿದು ಹೋದಳು. ನನ್ನ ಕಪಾಟಿನಲ್ಲಿ ಆ ದಿನ ಎರಡು ಜೊತೆ ಕೈಗವಸುಗಳಿದ್ದವು. ಕೊಟ್ಟು ಕಳಿಸಬೇಕೆಂದು ನನಗೆ ಹೊಳೆಯಲಿಲ್ಲ.

ಮರುದಿನ ಇನ್ನೂ ನಾಲ್ಕು ಕುರಿಗಳು ಕಂದು ಹಾಕಿದವು. ಹೊನ್ನವ್ವ ಸತ್ತ ಮರಿಗಳನ್ನು ಬರಿಗೈಯಿಂದ ಎಳೆದು ತೆಗೆದಳು. ಆರನೆಯ ದಿನ ಅವಳನ್ನು ಬಂಡಿಯಲ್ಲಿ ಮಲಗಿಸಿ ತಂದರು. ಕಣ್ಣುಗಳು ಕೆಂಪಾಗಿದ್ದವು, ಒಸಡಿನಿಂದ ರಕ್ತ ಜಿನುಗುತ್ತಿತ್ತು. ಆಗ ನಿಯಮ ಬದಿಗಿಟ್ಟು ಪರೀಕ್ಷೆ ಮಾಡಿದೆ. ಕಂದುಜ್ವರ. ಕುರಿಯಿಂದ ಮನುಷ್ಯರಿಗೆ ಬರುವಂಥದ್ದು. ಅದಕ್ಕೆ ಮದ್ದು ಇದೆ. ದೂರದ ದೇಶಗಳ ಉಗ್ರಾಣಗಳಲ್ಲಿ ಇದೆ. ಕೇಳಿದಾಗ ಅರವತ್ತು ದಿನ ಬೇಕು ಎಂದರು. ಹೊನ್ನವ್ವನಿಗೆ ಮೂರು ದಿನ ಸಾಕಾಯಿತು. ಅವಳ ಉಸಿರು ನಿಂತಾಗ ನನ್ನ ಕೈ ಅವಳ ಹಣೆಯ ಮೇಲಿತ್ತು. ನಾನು ಅಳಲಿಲ್ಲ. ವೇಳೆ ಬರೆದುಕೊಂಡೆ, ಹಾಸಿಗೆ ಸುಡಲು ಹೇಳಿದೆ. ಇಪ್ಪತ್ತೆರಡು ವರ್ಷದ ಹುಡುಗಿ.

ನಾಲ್ಕು ದಿನ ಕಳೆದರೆ ಹೊಳೆಯಾಚೆ ದೊಡ್ಡ ಕುರಿಸಂತೆ. ಏಳು ಕಣಿವೆಗಳ ಮಂದೆಗಳು ಅಲ್ಲಿ ಸೇರುತ್ತವೆ. ಮಣ್ಣು ಮಾಡಿ ಬಂದ ದಿನವೇ ನಾನು ಕೆಂಚವ್ವನ ಹಟ್ಟಿಗೆ ಹೋಗಿ, ಕುರಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ ಎಂದು ಹೇಳಬೇಕಾಯಿತು. ಅವಳು ಗೋಡೆಗೆ ಒರಗಿ ಕೂತಿದ್ದಳು. ಉತ್ತರ ಕೊಟ್ಟವನು ಅವಳ ಮೈದುನ ಅಮೋಗಪ್ಪ.

"ಏನ್ ಮಾತಾಡ್ತೀರಿ ನೀವು? ಮಗಳು ಹೋದ್ಲು, ಈಗ ಕುರೀನೂ ಕಳಕೋಬೇಕಾ? ವೈನೀ, ಸುಮ್ನ ಹೊಳಿ ದಾಟಿಸಿಬಿಡೂಣು. ಆಚೀಕಡೆ ಯಾರು ಕೇಳ್ತಾರ?"

ಅವನನ್ನು ನಾನು ಬೈಯಲಾರೆ. ನಮ್ಮಂಥ ಬಡ ನಾಡುಗಳಲ್ಲಿ ಕಾಯಿಲೆಗಳು ಹೊಳೆ ದಾಟಿದ್ದು ಹೆಚ್ಚಾಗಿ ಹೀಗೆಯೇ. ಹೇಳಿದವನ ಹಟ್ಟಿ ಖಾಲಿಯಾಗುತ್ತಿತ್ತು, ಮುಚ್ಚಿಟ್ಟವನ ಮಂದೆ ಉಳಿಯುತ್ತಿತ್ತು.

ಕೆಂಚವ್ವ ತಲೆ ಎತ್ತಿದಳು. "ಆಚೀಕಡೀನೂ ಹೆಣ್ಮಕ್ಕಳು ಅದಾರಲ್ಲೋ, ಅಮೋಗಿ. ಅವರೂ ಬರಿಗೈಲೇ ಮರಿ ಎಳೀತಾರ."

ಸಂಜೆಯೊಳಗೆ ಅಮೋಗಪ್ಪನೇ ನಾಲ್ಕು ಜನರನ್ನು ಕರೆತಂದು ಗುಂಡಿ ತೋಡಿಸಿದ.

ಮರುದಿನ ಬೆಳಿಗ್ಗೆ ಶುರು ಮಾಡಿದೆವು. ಕುರಿಗಳು ಬೇರೆಯವರ ಕೈಗೆ ಬರುತ್ತಿರಲಿಲ್ಲ, ಕೆಂಚವ್ವ ಕರೆದರೆ ಬರುತ್ತಿದ್ದವು. ಕೈಗವಸು ಹಾಕಿಕೊಂಡು ಒಂದೊಂದನ್ನೂ ಹೆಸರು ಹಿಡಿದು ಕರೆದು, ತಲೆ ಹಿಡಿದುಕೊಂಡಳು. ನಾನು ಸೂಜಿ ಚುಚ್ಚಿದೆ. ನಲವತ್ತು ಕುರಿಗಳಾದ ಮೇಲೆ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮಧ್ಯಾಹ್ನ ಯಾರೋ ರೊಟ್ಟಿ ತಂದರು. ನಾವು ತಿಂದೆವು. ಇನ್ನೂರ ಹನ್ನೆರಡೂ ಮುಗಿದಾಗ ಸುಣ್ಣ ಸುರಿದು ಮಣ್ಣು ಎಳೆದೆವು. ಹಟ್ಟಿ ನಿಶ್ಶಬ್ದವಾಗಿತ್ತು. ಅಂದಿನಿಂದ ನನ್ನೊಳಗೂ ಹಾಗೆಯೇ ಇದೆ.

ಸುದ್ದಿ ಹರಡಿತು. ಇನ್ನೆರಡು ಮಂದೆಗಳವರು ತಾವಾಗಿಯೇ ಬಂದು ನಮ್ಮಲ್ಲೂ ಕಂದು ಹಾಕ್ಯಾವ ಎಂದರು. ಕಣಿವೆಯಲ್ಲಿ ಹನ್ನೊಂದು ಜನ ಸತ್ತರು. ಜ್ವರ ಹೊಳೆ ದಾಟಲಿಲ್ಲ. ಆಮೇಲೆ ನಿಯಮ ಬದಲಾಯಿತು. ಈಗ ಒಂದು ಕುರಿ ಕಂದು ಹಾಕಿದರೂ ನಾನು ಹೋಗಬೇಕು. ಮರಳುಮಂದೆ ಎಂಬುದೂ ಶುರುವಾಯಿತು. ಊರೂರಿನವರು ಸೇರಿ ಸಾಕುವ ಕುರಿಗಳು ಅವು, ಕಾಯಿಲೆ ತಡೆಯಲು ಮಂದೆ ಕಳೆದುಕೊಂಡವರಿಗೆ ಕೊಡಲಿಕ್ಕೆ. ಕೆಂಚವ್ವನಿಗೆ ಅರವತ್ತು ಮರಿಗಳು ಬಂದವು. ಅವಳು ಸಂತೋಷಪಡಲಿಲ್ಲ, ಬೇಡ ಎನ್ನಲೂ ಇಲ್ಲ. ಮೇಯಿಸಲು ಹೊಡೆದುಕೊಂಡು ಹೋದಳು.

ನಿಮ್ಮ ಕಾಲದಲ್ಲಿ ಪಶುವೈದ್ಯರು ಒಂದು ಕಟ್ಟಡದಲ್ಲಿ, ಜನರ ವೈದ್ಯರು ಇನ್ನೊಂದರಲ್ಲಿ ಕೂರುತ್ತಿದ್ದರೆಂದು ಓದಿದ್ದೇನೆ. ಅವರನ್ನು ಒಂದೇ ಕೋಣೆಯಲ್ಲಿ ಕೂರಿಸಿ. ಕಾಯಿಲೆಯ ಮೊದಲ ಸುದ್ದಿ ಯಂತ್ರದಿಂದ ಬರುವುದಿಲ್ಲ. ಕುರಿ ಕಾಯುವವಳೋ ಕೋಳಿ ಸಾಕುವವಳೋ ನಡೆದು ಬಂದು ಹೇಳುತ್ತಾಳೆ. ಅವಳ ಜೊತೆ ಆಗಲೇ ಎದ್ದು ಹೋಗಿ. ಹೇಳಿದ ತಪ್ಪಿಗೆ ಅವಳು ಬರಿಗೈಯಾಗದಂತೆ ನೋಡಿಕೊಳ್ಳಿ. ನಾನು ಕೇಳುವುದು ಇಷ್ಟೇ.

ಕಳೆದ ವಾರ ಕೆಂಚವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ ಮಗಳ ಹೆಸರೆತ್ತಿದಳು.

"ನಾ ಬಂದ ದಿನಾನ ನೀವು ಎದ್ದು ಬಂದಿದ್ರ, ನಮ್ಮ ಹೊನ್ನಿ ಉಳೀತಿದ್ಲೇನ್ರಿ?"

ಈ ಪ್ರಶ್ನೆಗೆ ನಾನು ಹಲವು ಉತ್ತರಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಒಂದೂ ಹೇಳಲಿಲ್ಲ.

"ಉಳೀತಿದ್ಲು, ಕೆಂಚಕ್ಕ," ಎಂದೆ.

"ನನಗೂ ಹಂಗ ಅನಿಸಿತ್ತು," ಎಂದು ಹೇಳಿ ಎದ್ದು, ಕುರಿಗಳ ಹಿಂದೆ ಹೋದಳು.

ನಿಮ್ಮವಳು,
ನೀಲವ್ವ